ಸ್ಟ್ರೌಡನ ಮನೆ ಮುಂದಿನ ರಸ್ತೆ

“ಮತ್ತೆ ಉಚ್ಚೆನೇನೇ ಮುದುಕಿ? ನಿನ್ನ ಹೊಟ್ಟೇಲಿ ಉಚ್ಚೆ ಬಿಟ್ರೆ ಬೇರೆ ಏನಾದ್ರೂ ಐತೋ ಇಲ್ವೋ?”

ಡ್ವೇನ್ ಪೆಟ್ಟಸ್ ಹಾಗೆ ಕೂಗಿದ್ದು ಇಡೀ ಲೈನಿಗೆ ಕೇಳಲೆಂದೇ. ಕೋಳಿಯ ಮೂಳೆ ಬಿಡಿಸುವ ನಮ್ಮ ಶೆಡ್ಡಿನಲ್ಲಿ ಯಂತ್ರಗಳ ಗದ್ದಲಕ್ಕೆ ಪಕ್ಕದಲ್ಲಿ ನಿಂತವಳ ಕೆಮ್ಮು ಕೂಡ ಕೇಳಿಸುವುದಿಲ್ಲ. ಸೂಪರ್‌ವೈಸರ್ ಡ್ವೇನನ ಗಂಟಲು ಮಾತ್ರ ಎಲ್ಲದರ ಮೇಲೆ ಏಳುತ್ತಿತ್ತು.

ಮೇ ರೂತ್ ಅಪ್ಪಣೆಗೆಂದು ಎತ್ತಿದ ಕೈಯನ್ನು ಇಳಿಸಲಿಲ್ಲ. ರೈಲು ಹಳಿಯ ಈಚೆಗಿನ ನಮ್ಮ ಕರಿಯರ ಕೇರಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ರೂತವ್ವ. ಮೈತುಂಬ ಸಕ್ಕರೆ ಕಾಯಿಲೆ. ನಾವು ಉಳಿದವರು ಮನೆಯಿಂದ ಹೊರಡುವಾಗಲೇ ನೀರಿನ ಆಸೆ ಬಿಟ್ಟು ಬರುತ್ತಿದ್ದೆವು, ನಾಲಿಗೆ ಅಂಟಿದರೂ ಕುಡಿಯುತ್ತಿರಲಿಲ್ಲ. ಆ ಕಾಯಿಲೆಯವಳು ನೀರು ಬಿಟ್ಟು ಬದುಕುವುದು ಹೇಗೆ?

“ವಸಿ ಬುಡಪ್ಪ, ಓಡ್ಹೋಗಿ ಓಡ್ಬತ್ತೀನಿ.”

“ಬದಲಿ ಆಳು ಬರ್ಲಿ, ಆಮೇಲೆ ಹೋಗು.”

ಬದಲಿ ಆಳು ಎಂಬುದು ಆ ಫ್ಯಾಕ್ಟರಿಯಲ್ಲಿ ಯಾರೂ ಕಣ್ಣಾರೆ ಕಂಡ ಪ್ರಾಣಿಯಲ್ಲ. ನನ್ನ ಇನ್ನೊಂದು ಪಕ್ಕದಲ್ಲಿದ್ದ ಒಡೆಸ್ಸಾ ಚಾಕು ಆಡಿಸುತ್ತಲೇ ಕತ್ತು ತಿರುಗಿಸಿ ಹೇಳಿದಳು: “ಅವ್ಳ ಜಾಗನೂ ನಾನೇ ನೋಡ್ಕತೀನಿ. ಕಳ್ಸು ಅವ್ಳನ್ನ.”

“ನಿನ್ನ ಯಾರೇ ಕೇಳಿದ್ದು?”

ಕೋಳಿ ಹೊತ್ತು ತರುವ ಬೆಲ್ಟು ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ರೂತವ್ವನ ಕಾಲಬುಡದಿಂದ ಹಬೆ ಎದ್ದಿತು. ಮಾಂಸ ಕೆಡದಿರಲೆಂದು ಆ ಶೆಡ್ಡನ್ನು ಮಂಜಿನಂತೆ ತಣ್ಣಗೆ ಇಟ್ಟಿರುತ್ತಾರೆ, ಬಿಸಿಯಾದದ್ದು ಏನೇ ನೆಲಕ್ಕೆ ಬಿದ್ದರೂ ಹೊಗೆಯಾಡುತ್ತದೆ. ಆದ್ದರಿಂದ ಎಲ್ಲರಿಗೂ ಕಾಣಿಸಿತು. ರೂತವ್ವ ತಲೆ ಎತ್ತಲಿಲ್ಲ. ಕೋಳಿಯ ಹೆಗಲಿಗೆ ಚಾಕು ಹಾಕಿದಳು, ಎಳೆದಳು, ಮುಂದಿನದನ್ನು ಹಿಡಿದಳು.

ಡ್ವೇನ್ ಗೋಡೆಯ ಮೇಲಿದ್ದ ನೆಲ ತೊಳೆಯುವ ಪೈಪನ್ನು ಬಿಚ್ಚಿಕೊಂಡು ಬಂದ. ನೆಲವನ್ನು ತೊಳೆಯುತ್ತಾನೆ ಎಂದುಕೊಂಡೆವು. ಅವನು ಅವಳ ಸೊಂಟಕ್ಕೇ ನೀರು ಬಿಟ್ಟ. ಏಪ್ರನ್ ಎದ್ದು ಎದೆಗೆ ಬಡಿಯಿತು. ಮುದುಕಿಯ ಮೊಣಕಾಲು ಮಡಿಚಿಕೊಂಡಿತು, ಒಂದು ಕೈಯಲ್ಲಿ ಬೆಲ್ಟಿನ ಅಂಚು ಹಿಡಿದು ನಿಂತಳು. ಆಚೆ ಲೈನಿನ ಸೂಪರ್‌ವೈಸರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಕೋಳೀನೂ ತೊಳ್ದಂಗಾಯ್ತು, ಮುದುಕೀನೂ ತೊಳ್ದಂಗಾಯ್ತು,” ಎಂದ ಡ್ವೇನ್.

“ಆ ಪೈಪ್ ಕೆಳಗಿಡ್ಲಾ,” ಎಂದಳು ಒಡೆಸ್ಸಾ. “ನಿಮ್ಮವ್ವ ಇಲ್ಲಿ ನಿಂತಿದ್ರೆ ಹಿಂಗೇ ತೊಳೀತಿದ್ದೇನ್ಲಾ ಬೋಳಿಮಗ್ನೆ?”

“ಲೈನಲ್ಲಿ ಮಾತಿಲ್ಲ. ಬಾಯಿ ಮುಚ್ಕ, ಕೈ ಆಡ್ಸು.”

ಅವಳು ಕೈ ಆಡಿಸಿದಳು. ಬಾಯಿ ಮುಚ್ಚಿದ್ದು ಶಿಫ್ಟು ಮುಗಿಯುವವರೆಗೆ ಮಾತ್ರ.

ಶಿಫ್ಟು ಮುಗಿದು ಹೊರಗೆ ಬಂದವಳೇ ಕಾರಿನಲ್ಲಿ ಕೂತು, ಫೋನನ್ನು ಸ್ಟೀರಿಂಗಿಗೆ ಆನಿಸಿಟ್ಟು, ನಡೆದದ್ದನ್ನೆಲ್ಲ ಅದರ ಮುಂದೆ ಹೇಳಿ ಫೇಸ್‌ಬುಕ್ಕಿಗೆ ಹಾಕಿದಳು. ಡ್ವೇನನ ಹೆಸರು ಹೇಳಿದಳು, ಸ್ಟ್ರೌಡ್ ಕೋಳಿ ಫ್ಯಾಕ್ಟರಿಯ ಹೆಸರು ಹೇಳಿದಳು, ರೂತವ್ವನ ಹೆಸರನ್ನೂ ಹೇಳಿದಳು. ಪೆಟಿಗ್ರೂ ಸಣ್ಣ ಊರು. ಮಿಸಿಸಿಪ್ಪಿಯ ನಕ್ಷೆಯಲ್ಲಿ ಅದನ್ನು ಹುಡುಕಲು ಕನ್ನಡಕ ಬೇಕು. ರಾತ್ರಿಯ ಊಟದ ಹೊತ್ತಿಗೆ ಅದನ್ನು ನೋಡದ ಮನೆ ಇರಲಿಲ್ಲ.

ಮರುದಿನ ಕಂಪನಿಯ ಆಫೀಸಿನಿಂದ ಕರೆ ಬಂತು. ಪಕ್ಕದಲ್ಲಿ ನಿಂತಿದ್ದವಳೆಂದು ನನ್ನನ್ನೂ ಕರೆದರು.

ಆಫೀಸಿನ ಕಿಂಬರ್ಲಿಯ ಕೋಣೆಯಲ್ಲಿ ದಾಲ್ಚಿನ್ನಿ ವಾಸನೆಯ ಮೇಣದಬತ್ತಿ ಉರಿಯುತ್ತಿತ್ತು. ನಮ್ಮ ಬೂಟಿನ ಕೋಳಿರಕ್ತ ಅವಳ ಕಾರ್ಪೆಟ್ಟಿಗೆ ಹತ್ತದಿರಲೆಂದು ಬಾಗಿಲಲ್ಲಿ ಹಳೆಯ ಪೇಪರು ಹಾಸಿದ್ದರು. ಗೋಡೆಯ ಮೇಲೆ ಮಾಲೀಕ ಹಾರ್ಲನ್ ಸ್ಟ್ರೌಡನ ದೊಡ್ಡ ಫೋಟೋ, ಕೆಳಗೆ ದಪ್ಪ ಅಕ್ಷರ: ‘ವಾಕ್ ಸ್ವಾತಂತ್ರ್ಯ ದಿನ. ಕೋರ್ಟಿನ ಮೈದಾನ. ಎಲ್ಲರೂ ಬನ್ನಿ.’ ವಸಂತದಲ್ಲಿ ಸ್ಟ್ರೌಡ್ ಯಾವುದೋ ಯೂನಿವರ್ಸಿಟಿಗೆ ಭಾಷಣಕ್ಕೆ ಹೋಗಿ, ನಮ್ಮಂಥವರ ಬಗ್ಗೆ, ಗಡಿ ದಾಟಿ ಬಂದವರ ಬಗ್ಗೆ ಬಾಯಿಗೆ ಬಂದದ್ದನ್ನು ಹೇಳಿದ್ದ. ಹುಡುಗರು ತಟ್ಟೆ ಬಡಿದು ಕೂಗಿ ಅವನನ್ನು ವೇದಿಕೆಯಿಂದ ಇಳಿಸಿದ್ದರು. ಅಂದಿನಿಂದ ಅವನು ಟೀವಿಯವರಿಗೆ ಬೇಕಾದವನಾಗಿದ್ದ. ಈ ದೇಶದಲ್ಲಿ ಒಬ್ಬ ಮನುಷ್ಯನ ಬಾಯಿ ಮುಚ್ಚಿಸುವಷ್ಟು ದೊಡ್ಡ ಪಾಪ ಮತ್ತೊಂದಿಲ್ಲ ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ.

“ಒಡೆಸ್ಸಾ, ಅದನ್ನ ತೆಗೆದುಬಿಡಿ,” ಎಂದಳು ಕಿಂಬರ್ಲಿ. ಅವಳು ಯಾವತ್ತೂ ಗಂಟಲೆತ್ತಿದವಳಲ್ಲ.

“ನಾ ಹೇಳಿದ್ರಲ್ಲಿ ಸುಳ್ಳು ಯಾವ್ದು?”

“ಸುಳ್ಳು ನಿಜದ ಪ್ರಶ್ನೆ ಅಲ್ಲ. ಕಂಪನಿ ಹೆಸರು ಹಾಳಾಗೋ ಹಾಗೆ ಹೊರಗೆ ಮಾತಾಡಬಾರದು ಅಂತ ನಿಯಮ ಇದೆ.”

ಒಡೆಸ್ಸಾ ಫೋಟೋದ ಕಡೆ ಗಲ್ಲ ಎತ್ತಿದಳು. “ಸಾಹೇಬ್ರು ಬೇರೆ ಥರ ಹೇಳ್ತಾವ್ರಲ್ಲ ಅಲ್ಲಿ.”

ಕಿಂಬರ್ಲಿ ನಕ್ಕಳು. ಮಗು ಕೇಳಿದ ಪ್ರಶ್ನೆಗೆ ನಗುವ ಹಾಗೆ. “ಅದು ಸಂವಿಧಾನ. ಸರ್ಕಾರ ನಿಮ್ಮ ಬಾಯಿ ಮುಚ್ಚಿಸಬಾರದು ಅಂತ ಅದರಲ್ಲಿ ಬರೆದಿದೆ. ಕಂಪನಿ ಸರ್ಕಾರ ಅಲ್ವಲ್ಲ, ಡಿಯರ್.”

“ಅಂದ್ರೆ ಗೇಟ್ ದಾಟಿ ಒಳಗೆ ಬಂದ್ಮೇಲೆ ನಾವು ಅಮೆರಿಕಾದಲ್ಲಿಲ್ಲ ಅನ್ನಿ.”

“ನಾನೂ ಅಲ್ಲೇ ಇದ್ದೆ. ಅವ್ನು ಪೈಪ್ ಹಿಡಿದಿದ್ದು ನಾನೂ ನೋಡಿವ್ನಿ,” ಎಂದೆ ನಾನು.

ಕಿಂಬರ್ಲಿ ನನ್ನ ಕಡೆ ತಿರುಗಿದಳು. “ಡೆಲೋರಿಸ್, ನಿಮ್ಮ ಯಜಮಾನರ ಡಯಾಲಿಸಿಸ್ ಹೇಗೆ ನಡೀತಿದೆ? ಕಂಪನಿ ಇನ್ಶೂರೆನ್ಸ್ ಇರೋದಕ್ಕೆ ಒಳ್ಳೇದಾಯ್ತು ಅಲ್ವಾ?”

ನಾನು ಬಾಗಿಲಿನ ಪೇಪರಿನ ಮೇಲಕ್ಕೆ ಹಿಂದೆ ಸರಿದೆ. ಮೇಣದಬತ್ತಿ ಚಟಪಟ ಎನ್ನುತ್ತಿತ್ತು.

ಒಡೆಸ್ಸಾ ಫೇಸ್‌ಬುಕ್ಕಿನಿಂದ ವೀಡಿಯೊ ತೆಗೆಯಲಿಲ್ಲ. ಅವಳನ್ನು ಕೆಲಸದಿಂದ ತೆಗೆಯಲೂ ಇಲ್ಲ, ವಾಕ್ ಸ್ವಾತಂತ್ರ್ಯ ದಿನ ಹತ್ತಿರದಲ್ಲಿತ್ತು. ಜೀವಂತ ಕೋಳಿಗಳನ್ನು ಕಾಲು ಹಿಡಿದು ಕೊಕ್ಕೆಗೆ ನೇತುಹಾಕುವ ಕತ್ತಲೆ ಕೋಣೆಗೆ ಹಾಕಿದರು. ಕೋಳಿ ಗಾಬರಿಯಾಗದಿರಲೆಂದು ಅಲ್ಲಿ ದೀಪ ಹಾಕುವುದಿಲ್ಲ. ಮೇಲಿಂದ ಹಿಕ್ಕೆ ಸುರಿಯುತ್ತದೆ, ಮುಖಕ್ಕೆ ರೆಕ್ಕೆ ಬಡಿಯುತ್ತದೆ. ಗಟ್ಟಿಮುಟ್ಟಾದ ಗಂಡಸರೇ ತಿಂಗಳಲ್ಲಿ ಬಿಟ್ಟು ಓಡುವ ಜಾಗ. ಸಂಜೆ ಅವಳು ಹೊರಗೆ ಬಂದಾಗ ಕಣ್ಣಿನ ಸುತ್ತ ಗೀರು, ಕೂದಲಲ್ಲಿ ಪುಕ್ಕ.

“ಬಾಯಿ ತೆಗ್ಯಂಗೇ ಇಲ್ಲ ಕಣೆ ಡೆಲ್ ಅಲ್ಲಿ,” ಎಂದಳು. “ತೆಗೆದ್ರೆ ಹಿಕ್ಕೆ ಒಳಿಕ್ಕೋಯ್ತದೆ. ಬಾಳ ಯೋಚ್ನೆ ಮಾಡೇ ಹಾಕವ್ರೆ ಸೂಳೆಮಕ್ಳು.”

ಭಾನುವಾರ ಚರ್ಚಿನಲ್ಲಿ, ಪ್ರಾರ್ಥನೆಯ ನಡುವೆ, ದೇವರು ತಮಗೆ ಮಾಡಿದ್ದನ್ನು ಯಾರು ಬೇಕಾದರೂ ಎದ್ದುನಿಂತು ಹೇಳುವ ಹೊತ್ತು ಬಂತು. ಒಬ್ಬಳು ಮಗನ ಜ್ವರ ಬಿಟ್ಟದ್ದನ್ನು ಹೇಳಿದಳು. ಒಬ್ಬ ಕುಡಿತ ಬಿಟ್ಟದ್ದನ್ನು ಹೇಳಿದ. ಆಮೇಲೆ ಒಡೆಸ್ಸಾ ಎದ್ದಳು.

“ನಮ್ ಫ್ಯಾಕ್ಟರೀಲಿ ಒಬ್ಳು ದೊಡ್ಡೋಳ್ನ, ಈ ಚರ್ಚ್ ಕಟ್ಟಿದೋರ ಮಗಳ್ನ…”

ಪಾದ್ರಿ ಗೇನ್ಸ್ ಆರ್ಗನ್ ನುಡಿಸುವವನ ಕಡೆ ಎರಡು ಬೆರಳು ಎತ್ತಿದ. ಆರ್ಗನ್ನಿನ ಸದ್ದು ಎದ್ದಿತು. ಒಡೆಸ್ಸಾ ದನಿ ಎತ್ತಿದಳು, ಆರ್ಗನ್ ಇನ್ನೂ ಎತ್ತಿತು. ಚರ್ಚಿನ ಹೊಸ ಚಾವಣಿ, ಹೊಸ ಬೆಂಚು, ಆ ಆರ್ಗನ್, ಎಲ್ಲ ಸ್ಟ್ರೌಡ್ ಕೊಟ್ಟದ್ದು. ಅವಳ ತುಟಿ ಆಡುತ್ತಿರುವುದು ಕಾಣುತ್ತಿತ್ತು, ಮಾತು ಕಾಣೆಯಾಗಿತ್ತು. ಪಾದ್ರಿ ಕಣ್ಣು ಮುಚ್ಚಿ ಕೈ ಮೇಲೆತ್ತಿ, ಅವಳು ಹೇಳಿದ್ದು ದೇವಸ್ತುತಿಯೇ ಎನ್ನುವ ಹಾಗೆ ಆಮೆನ್ ಎಂದ. ಜನರೂ ಆಮೆನ್ ಎಂದರು.

ಬಾಗಿಲಲ್ಲಿ ಅವನು ಒಡೆಸ್ಸಾಳ ಕೈ ಹಿಡಿದುಕೊಂಡ. “ಸಿಸ್ಟರ್, ಇದು ದೇವರ ಮನೆ. ಫ್ಯಾಕ್ಟರಿ ರಗಳೆಗೆ ಬೇರೆ ಜಾಗ ಇದೆ.”

“ಎಲ್ಲೈತೆ ಹೇಳಿ ಪಾದ್ರಿಗಳೇ. ಅಲ್ಲೇ ಹೋಯ್ತೀನಿ.”

ಅವನು ಅವಳ ಹಿಂದಿನವರ ಕೈ ಹಿಡಿದುಕೊಂಡ.

ಕಾರು ನಿಲ್ಲಿಸುವ ಜಾಗದಲ್ಲಿ ರೂತವ್ವ ಕಾಯುತ್ತಿದ್ದಳು. ಬಿಳಿಯ ಟೋಪಿ, ಬಿಳಿಯ ಗವಸು. ಒಡೆಸ್ಸಾ ಹತ್ತಿರ ಬಂದದ್ದೇ ರೂತವ್ವ ಅವಳ ಕೆನ್ನೆಗೆ ಒಂದು ಕೊಟ್ಟಳು. ಗವಸಿನ ಏಟು, ಸದ್ದಾಗಲಿಲ್ಲ.

“ನನ್ ಮಾನ ಹರಾಜಿಗಿಡಕ್ಕೆ ನೀನ್ಯಾರೇ? ಅವ್ನು ಒಂದ್ಸಲ ನನ್ನ ನೆನೆಸ್ದ. ನೀನು ದಿನಾ ನೆನೆಸ್ತಾ ಇದ್ದೀಯ. ಅಂಗಡೀಗೋದ್ರೆ ಜನ ನನ್ ಮುಖ ನೋಡಲ್ಲ, ಸೊಂಟ ನೋಡ್ತಾರೆ. ಗೊತ್ತಾ ನಿಂಗೆ?”

“ರೂತವ್ವ, ನಾನು ನಿನ್ ಪರವಾಗೇ…”

“ನನ್ನ ಕೇಳ್ದೇನೇ? ಒಂದ್ ಮಾತು ಕೇಳ್ದಾ? ನನಗೂ ಬಾಯೈತೆ. ಆಡಾದಿದ್ರೆ ನಾ ಆಡ್ತೀನಿ, ಬುಡಾದಿದ್ರೆ ಬುಡ್ತೀನಿ. ಅದು ನಂದು.”

ಒಡೆಸ್ಸಾ ಅಲ್ಲೇ ಫೋನ್ ತೆಗೆದು ವೀಡಿಯೊ ಅಳಿಸಿದಳು. ಕಂಪನಿಗೆ ಬಗ್ಗದವಳು ಮುದುಕಿಯ ಎದುರು ಅತ್ತಳು. ರೂತವ್ವ ಅವಳ ಕಣ್ಣೀರು ಒರೆಸಲಿಲ್ಲ, ಕಾರಿನ ಬಾಗಿಲು ಎಳೆದುಕೊಂಡು ಹೋದಳು.

ವಾಕ್ ಸ್ವಾತಂತ್ರ್ಯ ದಿನಕ್ಕೆ ಬರಲೇಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬರದಿದ್ದರೆ ಗೈರುಹಾಜರಿ ಎಂದರು. ಗೇಟಿನಲ್ಲಿ ಬಸ್ಸು ನಿಲ್ಲಿಸಿ, ಹತ್ತುವಾಗ ಒಬ್ಬೊಬ್ಬರಿಗೂ ಒಂದು ಕೆಂಪು ಟೀ ಶರ್ಟು ಕೊಟ್ಟರು. ಎದೆಯ ಮೇಲೆ ಬರೆದಿತ್ತು: ‘ನನ್ನ ಬಾಯಿ ನನ್ನದು.’ ರೂತವ್ವನ ಅಳತೆಯದು ಸಿಗಲಿಲ್ಲ. ಮೊಣಕಾಲವರೆಗೆ ಇಳಿಯುವುದನ್ನು ಹಾಕಿಕೊಂಡಳು.

ಕೋರ್ಟಿನ ಮೈದಾನದಲ್ಲಿ ಬಾವುಟ, ಬ್ಯಾಂಡು, ನಾವೇ ಕತ್ತರಿಸಿದ ಕೋಳಿ ನಮಗೇ ಕರಿದು ಪುಕ್ಕಟೆ. ಟೀವಿ ಕ್ಯಾಮೆರಾಗಳ ಹಿಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು, ವೇದಿಕೆಯಿಂದ ನೋಡಿದರೆ ಮೈದಾನ ಕೆಂಪಗೆ ತುಂಬಿ ಕಾಣಲೆಂದು. ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಸ್ಟ್ರೌಡ್. ಇನ್ನೊಂದರಲ್ಲಿ ಅವನನ್ನು ಇಳಿಸಿದ ಯೂನಿವರ್ಸಿಟಿಯಿಂದಲೇ ಬಂದ ಪ್ರೊಫೆಸರ್ ಹೆಂಗಸು, ಬೆಳ್ಳಿಕೂದಲು, ಒಳ್ಳೆಯ ಚಪ್ಪಲಿ. ಅವಳು ಮಾತೂ ಗಾಯ ಮಾಡುತ್ತದೆ, ಆದ್ದರಿಂದ ಕೆಲವು ಮಾತಿಗೆ ಬೇಲಿ ಬೇಕು ಎಂದಳು. ಅವನು ಇವತ್ತು ಬೇಲಿ ಹಾಕಿದವರು ನಾಳೆ ಬೀಗ ಹಾಕುತ್ತಾರೆ ಎಂದ. ಅವಳಿಗೆ ಸ್ವಲ್ಪ ಚಪ್ಪಾಳೆ, ಅವನಿಗೆ ಜಾಸ್ತಿ. ಇಬ್ಬರೂ ಒಂದೇ ಬಾಟಲಿಯ ನೀರನ್ನು ಗ್ಲಾಸಿಗೆ ಹಾಕಿಕೊಂಡು ಕುಡಿಯುತ್ತಿದ್ದರು. ಅಷ್ಟು ನೀರು ಕುಡಿದೂ ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ ಎಂದುಕೊಂಡೆ ನಾನು.

ಸ್ಟ್ರೌಡನಿಗೆ ಹುರುಪು ಏರಿತ್ತು. ಎದ್ದು ಮೈಕು ಕೈಗೆತ್ತಿಕೊಂಡ. “ಪುಸ್ತಕ ಓದಿದವರು ಬೇಕಾದಷ್ಟು ಮಾತಾಡಿದ್ರು. ಈಗ ದುಡಿಯೋ ಜನ ಮಾತಾಡಲಿ. ನನ್ನ ಜನ. ಯಾರಾದರೂ ಸರಿ, ಬನ್ನಿ. ಇಲ್ಲಿ ಯಾವ ಮಾತಿಗೂ ತಡೆ ಇಲ್ಲ.”

ಕಿಂಬರ್ಲಿ ವೇದಿಕೆಯ ಕೆಳಗಿನಿಂದ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಅಷ್ಟರಲ್ಲಿ ಒಡೆಸ್ಸಾ ಮೆಟ್ಟಿಲು ಹತ್ತಿಯಾಗಿತ್ತು. ಸ್ಟ್ರೌಡ್ ತಾನೇ ಕೈ ಹಿಡಿದು ಹತ್ತಿಸಿಕೊಂಡು ಮೈಕು ಕೊಟ್ಟ.

“ನಮಸ್ಕಾರ ಸಾಹೇಬ್ರೆ. ನಾನು ಬೇರೆಯೋರ ವಿಷ್ಯ ಎತ್ತಲ್ಲ, ನಂದೇ ಹೇಳ್ತೀನಿ. ನಿಮ್ ಫ್ಯಾಕ್ಟರೀಲಿ ಆದ ಒಂದ್ ಅನ್ಯಾಯದ ಬಗ್ಗೆ ಮಾತಾಡ್ದೆ ಅಂತ ನನ್ನ ಕತ್ಲೆ ಕೋಣೇಗೆ ಹಾಕವ್ರೆ. ಅಲ್ಲಿ…”

ಮೈಕು ಸತ್ತಿತು. ಅವಳು ಅದನ್ನು ಬೆರಳಿನಿಂದ ತಟ್ಟಿದಳು. ಸ್ಟ್ರೌಡ್ ಇನ್ನೂ ನಗುತ್ತಲೇ ಅವಳ ಬೆನ್ನ ಮೇಲೆ ಕೈಯಿಟ್ಟು ಮೆಟ್ಟಿಲ ಕಡೆ ತಿರುಗಿಸಿದ. ಅವಳು ಮೈಕನ್ನು ಬಿಡಲಿಲ್ಲ. ಇಬ್ಬರು ಪೊಲೀಸರು ಮೇಲೆ ಬಂದರು. ಒಡೆಸ್ಸಾ ಪ್ರೊಫೆಸರ್ ಕಡೆ ನೋಡಿದಳು.

“ಮೇಡಮ್ಮೋರೆ, ಮಾತಿನ್ ವಿಷ್ಯ ಓದ್ದೋರು ನೀವು. ನೀವಾದ್ರೂ ಒಂದ್ ಮಾತ್ ಹೇಳಿ.”

ಆ ಹೆಂಗಸಿನ ಮುಖ ಕೆಂಪಾಯಿತು. “ನನಗೆ ಸಹಾನುಭೂತಿ ಇದೆ. ಆದರೆ ಇದು ಕಾರ್ಮಿಕರ ದೂರು. ಇವತ್ತಿನ ಚರ್ಚೆಯ ವಿಷಯ ಬೇರೆ,” ಎಂದು ಹೇಳಿ ಗ್ಲಾಸು ಎತ್ತಿಕೊಂಡಳು.

ಒಡೆಸ್ಸಾಳನ್ನು ಕೈ ಹಿಂದಕ್ಕೆ ಕಟ್ಟಿ ಇಳಿಸಿದರು. ಶಾಂತಿಭಂಗ ಎಂದರು. ಅವಳ ಎದೆಯ ಮೇಲಿನ ಅಕ್ಷರ ಮುದುರಿಹೋಗಿತ್ತು.

ಆಗ ನಮ್ಮ ಸಾಲಿನ ನಡುವಿನಿಂದ ಒಂದು ದನಿ ಎದ್ದಿತು. ಕೂಗಲ್ಲ, ಹಾಡೂ ಅಲ್ಲ. ನಮ್ಮ ಮುತ್ತಜ್ಜಿಯರಿಗೆ ಓದು ಬರುತ್ತಿರಲಿಲ್ಲ, ಕೀರ್ತನೆಯ ಪುಸ್ತಕ ಇರಲಿಲ್ಲ. ಹಿರಿಯರೊಬ್ಬರು ನಿಂತು ಒಂದು ಸಾಲನ್ನು ಎಳೆದು ಹೇಳುವುದು, ಇಡೀ ಚರ್ಚು ಅದನ್ನೇ ಇನ್ನೂ ಉದ್ದಕ್ಕೆ ಎಳೆದು ತಿರುಗಿ ಹೇಳುವುದು, ಹಾಗೆ ಹಾಡುತ್ತಿದ್ದರು. ಆರ್ಗನ್ ಬಂದ ಮೇಲೆ ಪಾದ್ರಿ ಅದನ್ನು ನಿಲ್ಲಿಸಿದ್ದ. ಆ ಎಳೆತದಲ್ಲಿ ರೂತವ್ವ ಕರೆಯುತ್ತಿದ್ದಳು.

“ನನ್ನ ಹೆಸರೂ… ಮೇ ರೂತ್ ಟಾಲಿವರ್.”

ಜನ ತಿರುಗಿ ಅವಳನ್ನು ನೋಡಿದರು, ಅವಳೇ ಹೇಳಿದ್ದ ಹಾಗೆ, ಮುಖವನ್ನಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಮತ್ತೊಮ್ಮೆ ಕರೆದಳು. ಹೀಗೆ ಕರೆದವರಿಗೆ ಓಗೊಡದೆ ಬಿಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತ ಗಂಡನ ಮುಖ ಕಣ್ಣ ಮುಂದೆ ಬಂತು, ಗಂಟಲು ಮಾತ್ರ ತನ್ನ ಪಾಡಿಗೆ ತೆರೆದುಕೊಂಡಿತು.

“ನನ್ನ ಹೆಸರೂ… ಮೇ ರೂತ್ ಟಾಲಿವರ್,” ಎಂದೆ. ನನ್ನ ಜೊತೆಗೆ ಇನ್ಯಾರೋ ಎಂದರು.

“ಲೈನಿನ ಮೇಲೇ… ನಾನು ಉಚ್ಚೆ ಹೊಯ್ಕಂಡೆ.”

ಇದಕ್ಕೆ ಹತ್ತಾರು ದನಿ ಬಂತು.

“ಹೋಗ್ತೀನಿ ಅಂತಾ… ನಾನು ಕೇಳಿದ್ದೆ.”

“ನಾಯಿಗೆ ಬಿಟ್ಟಂಗೇ… ನನಗೆ ನೀರು ಬಿಟ್ರು.”

ಕಿಂಬರ್ಲಿ ಓಡಿಹೋಗಿ ಬ್ಯಾಂಡಿನವರಿಗೆ ಬಾರಿಸಲು ಹೇಳಿದಳು. ಅವರು ಬಾರಿಸಿದರು. ಕಹಳೆ ಉಸಿರಿಗೆ ನಿಂತಾಗಲೆಲ್ಲ ಅದರ ಕೆಳಗಿನಿಂದ ಮುದುಕಿಯ ಸಾಲು ಎದ್ದು ಬರುತ್ತಿತ್ತು. ಟೀವಿಯವರು ಕ್ಯಾಮೆರಾ ತಿರುಗಿಸುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಪಾದ್ರಿ ಗೇನ್ಸ್ ಕೋಳಿಯ ತಟ್ಟೆ ಹಿಡಿದು ಮರದ ಹಿಂದಕ್ಕೆ ಸರಿದ. ಡ್ವೇನ್ ನಮ್ಮ ಹಿಂದೆ ಅತ್ತಿತ್ತ ಓಡಾಡುತ್ತ ಯಾರು ಯಾರು ಬಾಯಿ ತೆಗೆದರೆಂದು ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದ.

ಸೋಮವಾರ ಗೇಟಿನಲ್ಲಿ ನನ್ನ ಕಾರ್ಡು ತೋರಿಸಿದರೆ ಕೆಂಪು ದೀಪ, ಗೇಟು ತೆರೆಯಲಿಲ್ಲ. ಹಿಂದಿನವಳದ್ದೂ ಕೆಂಪು. ಹಸಿರು ಬಂದವರು ತಲೆ ತಗ್ಗಿಸಿ ಒಳಗೆ ಹೋದರು. ನಾನು ಅವರನ್ನು ಬೈಯುವುದಿಲ್ಲ. ಆ ವಾರ ನನ್ನ ಗಂಡನ ಇನ್ಶೂರೆನ್ಸ್ ನಿಂತಿತು. ಧರ್ಮಾಸ್ಪತ್ರೆಯಲ್ಲಿ ಹಾಸಿಗೆಗೆ ಕಾಯಲು ಹೇಳಿದರು. ಅವನು ಗೋಡೆ ಕಡೆ ತಿರುಗಿ ಮಲಗಿದ.

ಒಡೆಸ್ಸಾ ಜೈಲಿಂದ ಬಂದ ಮೇಲೆ ನಾವು ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂರತೊಡಗಿದೆವು. ಶೆರೀಫನ ಕಡೆಯ ಪೊಲೀಸಿನವ ಕರ್ಟಿಸ್ ಬಂದ. ನಮ್ಮ ಕೇರಿಯವನೇ, ರೂತವ್ವನ ತಂಗಿಯ ಅಳಿಯ. ಬೂಟಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದ.

“ಈಕಡೆ ಕಂಪ್ನಿ ಜಾಗ. ಕಾಲಿಟ್ರೆ ಹಿಡ್ಕೊಂಡೋಗ್ತೀನಿ. ಮೋರಿಯಿಂದಾಚೆ ಸರ್ಕಾರದ ರಸ್ತೆ. ಅಲ್ಲಿ ನಿಂತ್ಕಂಡು ಏನ್ ಬೇಕಾದ್ರೂ ಒದರ್ಕಳಿ, ಯಾರೂ ಕೇಳಂಗಿಲ್ಲ. ಕಾನೂನು ನಿಮ್ ಕಡೆ ಐತೆ.”

ಅವನು ಹೇಳಿದ್ದು ನಿಜ. ಯಾರೂ ಕೇಳುವ ಹಾಗೇ ಇರಲಿಲ್ಲ. ಕೋಳಿ ತುಂಬಿದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ರೂತವ್ವ ಒಂದು ಸಾಲು ಎಳೆಯುವಷ್ಟರಲ್ಲಿ ಬಾಯಿಗೆ ಧೂಳು, ಪುಕ್ಕ. ಡ್ವೇನ್ ಬೇಲಿಯ ಒಳಗೆ ನಿಂತು ಸಿಗರೇಟು ಸೇದುತ್ತ, ಕಿವಿಗೆ ಕೈ ಇಟ್ಟು ಕೇಳಿಸುತ್ತಿಲ್ಲ ಎಂದು ಅಣಕಿಸುತ್ತಿದ್ದ.

“ಸರ್ಕಾರದ ರಸ್ತೆ ಅಂದ್ನಲ್ಲ ಕರ್ಟಿಸ್, ಅದು ಇಲ್ಲಿ ಮಾತ್ರ ಐತಾ?” ಎಂದಳು ಒಡೆಸ್ಸಾ.

ರೂತವ್ವ ಬಾಯಿಯ ಪುಕ್ಕ ಉಗಿದಳು. “ಸ್ಟ್ರೌಡನ ಮನೆ ಮುಂದ್ಲೂ ಅದೇ ರಸ್ತೆ. ಅಲ್ಲಿ ಲಾರಿ ಬರಾದಿಲ್ಲ.”

ಭಾನುವಾರ ಚರ್ಚು ಮುಗಿದ ಮೇಲೆ ಅಲ್ಲಿಗೆ ಹೋದೆವು. ಓಕ್ ಮರಗಳ ಸಾಲು, ಕತ್ತರಿಸಿದ ಹುಲ್ಲು. ಆ ಬೀದಿಯಲ್ಲಿ ಹಕ್ಕಿ ಕೂಗಿದರೂ ಕಡೆಯ ಮನೆಗೆ ಕೇಳುತ್ತದೆ. ಡಾಂಬರಿನ ಮೇಲೆ, ಅಂಚು ದಾಟದೆ ನಿಂತು, ರೂತವ್ವ ಕರೆದಳು. ನಾವು ಓಗೊಟ್ಟೆವು. ಅಕ್ಕಪಕ್ಕದ ಮನೆಗಳ ಬಿಳಿಯರು ಊಟ ಬಿಟ್ಟು ಜಗಲಿಗೆ ಬಂದರು. ಸ್ಟ್ರೌಡ್ ಊಟಕ್ಕೆಂದು ಕೊರಳಿಗೆ ಕಟ್ಟಿದ್ದ ಬಟ್ಟೆ ತೆಗೆಯದೆಯೇ ಹೊರಗೆ ಬಂದ.

“ನನ್ನ ಮೊಮ್ಮಕ್ಕಳು ಊಟಕ್ಕೆ ಕೂತಿದ್ದಾರೆ. ಇಂಥ ಹೊಲಸು ಮಾತು ಅವರ ಕಿವಿಗೆ ಬೀಳಬೇಕಾ?”

“ನಾನು ಆಡಿದ್ದಲ್ಲ ಸಾಹೇಬ್ರೆ ಹೊಲಸು,” ಎಂದಳು ರೂತವ್ವ. “ನಿಮ್ಮೋರು ಮಾಡಿದ್ದು.”

ಅವನು ಶೆರೀಫನನ್ನು ಕರೆಸಿದ. ಶೆರೀಫ್ ಟೋಪಿ ತೆಗೆದು ತಲೆ ಕೆರೆದುಕೊಂಡು, ಅವರು ರಸ್ತೆಯ ಮೇಲಿದ್ದಾರೆ ಸರ್, ಏನೂ ಮಾಡಲಾಗುವುದಿಲ್ಲ ಎಂದ. ಸ್ಟ್ರೌಡನ ಮುಖದಲ್ಲಿ ಅಂಥದ್ದೊಂದು ಮಾತು ಬದುಕಿನಲ್ಲೇ ಮೊದಲ ಸಲ ಕೇಳಿದ ಹಾಗೆ ಇತ್ತು. ಮುಂದಿನ ಭಾನುವಾರವೂ ಹೋದೆವು. ಅದರ ಮುಂದಿನದೂ. ಜನ ಹೆಚ್ಚಾಯಿತು. ಹಸಿರು ದೀಪದವರಲ್ಲಿ ಕೆಲವರು ಮುಖಕ್ಕೆ ಸ್ಕಾರ್ಫು ಸುತ್ತಿಕೊಂಡು ಬಂದರು.

ಆಮೇಲೆ ನಮ್ಮ ಜಿಲ್ಲೆಯ, ಅಂದರೆ ಕೌಂಟಿಯ, ಆಡಳಿತ ಸಭೆ ಸೇರಿತು. ಮನೆಗಳಿರುವ ಬೀದಿಯಲ್ಲಿ, ಒಬ್ಬರ ಮನೆಯ ಎದುರು ಗುಂಪು ನಿಂತು ದನಿ ಎತ್ತುವುದು ಅಪರಾಧ ಎಂದು ಹೊಸ ಕಟ್ಟಳೆ. ಸಾರ್ವಜನಿಕರು ಮಾತಾಡಬಹುದು ಎಂದು ನಮ್ಮನ್ನು ಕೂರಿಸಿ, ನಮ್ಮ ಸರದಿ ಬರುವ ಮೊದಲೇ ಕೈ ಎತ್ತಿ ಮುಗಿಸಿದರು. ಸ್ಟ್ರೌಡ್ ಪತ್ರಿಕೆಯವರಿಗೆ ಹೇಳಿದ: ಮಾತಾಡುವ ಹಕ್ಕಿಗೆ ಪ್ರಾಣ ಕೊಡುತ್ತೇನೆ, ಆದರೆ ಕೇಳಿಸಿಕೊಳ್ಳದೆ ಇರುವುದೂ ಒಂದು ಹಕ್ಕು.

ಕಟ್ಟಳೆ ಬಂದ ಮೇಲಿನ ಮೊದಲ ಭಾನುವಾರ ನಾವು ಹೋದಾಗ ಬೀದಿಯಲ್ಲಿ ಪೊಲೀಸ್ ವ್ಯಾನು ಬಾಗಿಲು ತೆರೆದು ನಿಂತಿತ್ತು. ಸ್ಟ್ರೌಡನ ಮನೆಯ ಪರದೆ ಎಳೆದಿತ್ತು. ರೂತವ್ವ ಮೊದಲ ಸಾಲು ಎತ್ತಿದಳು, ಕರ್ಟಿಸ್ ಬಂದು ಅವಳ ತೋಳು ಹಿಡಿದ. ಅವಳು ನಡೆಯುತ್ತಲೇ ಸಾಲು ಮುಗಿಸಿ ವ್ಯಾನು ಹತ್ತಿದಳು. ಒಡೆಸ್ಸಾ ಎರಡನೆಯದನ್ನು ಎತ್ತಿದಳು. ಅವಳನ್ನು ಇಬ್ಬರು ಎಳೆದೊಯ್ದರು. ಅವಳ ಹಿಂದಿನವಳನ್ನೂ, ಅವಳ ಹಿಂದಿನವಳನ್ನೂ. ಹಾಗೇ ಒಬ್ಬೊಬ್ಬರೂ ಹತ್ತಿದ ಮೇಲೆ ಮುಂದಿನ ಸಾಲಿನ ತುದಿಯಲ್ಲಿ ನಾನೊಬ್ಬಳೇ ಉಳಿದೆ.

ಕರ್ಟಿಸ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. ಬೆವೆತಿದ್ದ. “ಬ್ಯಾಡ ಕಣಕ್ಕ. ನೀ ಒಳಿಕ್ಕೋದ್ರೆ ಮನೇಲಿ ಭಾವನ್ನ ಯಾರ್ ನೋಡ್ಕತಾರೆ? ಸುಮ್ಕೆ ತಿರುಕ್ಕೊಂಡು ನಡಿ. ನಾ ನೋಡ್ಲಿಲ್ಲ ಅಂತೀನಿ.”

ಅವನು ಒಳ್ಳೆಯದಕ್ಕೇ ಹೇಳಿದ. ಇಷ್ಟು ದಿನ ನಾನು ಹೇಳಿದ್ದೆಲ್ಲ ರೂತವ್ವನ ಮಾತು, ಅವಳ ಹೆಸರು. ನನ್ನದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮಗ್ಗುಲಲ್ಲಿ ಮಲಗುವ ಗಂಡನಿಗೂ. ದೂರದ ಊರಿನ ಅಂಗಡಿಯಲ್ಲಿ ಕೊಂಡು, ಅಟ್ಟದ ಮೇಲೆ ಹಳೆ ಬಟ್ಟೆಯ ಕೆಳಗೆ ಬಚ್ಚಿಟ್ಟು, ಬೆಳಕು ಹರಿಯುವ ಮೊದಲು ಬಚ್ಚಲಲ್ಲಿ ನಿಂತು ಕಟ್ಟಿಕೊಳ್ಳುತ್ತಿದ್ದೆ.

“ನನ್ನ ಹೆಸರೂ… ಡೆಲೋರಿಸ್ ವಿಗಿನ್ಸ್,” ಎಂದು ಎಳೆದೆ. ನನ್ನ ದನಿ ರೂತವ್ವನದರಂತಲ್ಲ, ನಡುವೆ ಒಡೆಯಿತು. “ಸ್ಟ್ರೌಡನ ಕೋಳಿ ಕುಯ್ಯುವಾಗಾ… ಮಕ್ಳಂಗೆ ನಾನು ಡೈಪರ್ ಕಟ್ಕಂಡು ನಿಂತಿದ್ದೆ.”

ಕರ್ಟಿಸನ ಕೈ ನನ್ನ ತೋಳಿನ ಮೇಲೆ ಬಂದದ್ದು ಹಾಗೇ ನಿಂತಿತು. ಆಮೇಲೆ ಹಿಂದಿನಿಂದ, ಸ್ಕಾರ್ಫು ಸುತ್ತಿಕೊಂಡವರ ನಡುವಿನಿಂದ ಒಂದು ದನಿ ಎದ್ದಿತು. ನನ್ನ ಸಾಲೇ, ಹೆಸರು ನನ್ನದಲ್ಲ. ಅವಳು ತನ್ನದನ್ನು ಹೇಳಿದಳು. ಅವಳ ಪಕ್ಕದವಳು ಸ್ಕಾರ್ಫು ಬಿಚ್ಚಿ ತನ್ನದನ್ನು ಹೇಳಿದಳು. ಅವಳ ಆಚೆಯವಳು ತನ್ನದು. ಒಬ್ಬಳದು ಮುಗಿಯುವ ಮೊದಲೇ ಇನ್ನೊಬ್ಬಳದು, ಒಂದೇ ಮಾತು, ಬೇರೆ ಬೇರೆ ಹೆಸರು.

ಕರ್ಟಿಸ್ ನನ್ನನ್ನು ವ್ಯಾನಿನವರೆಗೆ ನಡೆಸಿಕೊಂಡು ಹೋದ. ಅದರಲ್ಲಿ ಜಾಗವಿರಲಿಲ್ಲ.